ಹವೆಯ ಗಡಿ ಅರಿಯದ ಯೋಜನೆಗಳು

1983ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳ ರೈತರು ಗುಂಪಾಗಿ ಅರಣ್ಯ ಇಲಾಖೆಯ ಸಸಿಮಡಿಗೆ ನಡೆದುಹೋಗಿ ಅಲ್ಲಿ ಬೆಳೆದು ನಿಂತಿದ್ದ ನೀಲಗಿರಿ ಸಸಿಗಳನ್ನು ಕಿತ್ತೆಸೆದರು. ಬರಿದಾದ ಮಡಿಯಲ್ಲಿ ಹುಣಸೆ ಮತ್ತು ಮಾವಿನ ಬೀಜಗಳನ್ನು ಊರಿ ಮರಳಿದರು. ಅದಾದ ಒಂದು ತಿಂಗಳಿಗೆ, ಅದೇ ವರ್ಷದ ಸೆಪ್ಟೆಂಬರ್ 8ರಂದು, ಉತ್ತರ ಕನ್ನಡ ಜಿಲ್ಲೆಯ ಶಿರಸಿ ಸಮೀಪದ ಸಲ್ಕಣಿ ಭಾಗದ ಜನರು ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹೀಗೆ. ಒಂದು ಕಡೆ ಗಿಡ ಕೀಳುವ ಚಳವಳಿ, ಇನ್ನೊಂದು ಕಡೆ ಮರ ಉಳಿಸುವ ಚಳವಳಿ. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ವಿರುದ್ಧವಾದ ಕ್ರಿಯೆಗಳೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಎರಡರ ಹಿಂದೆಯೂ ಇದ್ದ ಪ್ರಶ್ನೆ ಒಂದೇ ಆಗಿತ್ತು: ಬೇರೆ ಬೇರೆ ಮಳೆ, ಮಣ್ಣು, ಬಿಸಿಲುಗಳಿರುವ ನೆಲಗಳಿಗೆ ಒಂದೇ ಕಚೇರಿಯ ಒಂದೇ ಕಡತದಲ್ಲಿ ಯೋಜನೆ ಬರೆಯಬಹುದೇ?

ಈ ಪ್ರಶ್ನೆಗೆ ಇನ್ನೂ ಉತ್ತರ ದೊರೆತಿಲ್ಲ. ಮಲೆನಾಡಿನ ಹಳ್ಳಿಗರಿಗೂ ಇಲ್ಲಿನ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೂ ಇದು ಪಠ್ಯಪುಸ್ತಕದ ಭೂಗೋಳದ ಪಾಠವಷ್ಟೇ ಆಗಿ ಉಳಿಯಬಾರದು. ಏಕೆಂದರೆ ಬಯಲುಸೀಮೆಯ ಬೆಳೆ ಯಾವುದು, ಅಲ್ಲಿನ ಕೆರೆಯ ಸ್ಥಿತಿ ಏನು ಎಂಬುದರ ಮೇಲೆಯೇ ಇಂದು ಘಟ್ಟದ ಹಳ್ಳಗಳ ಭವಿಷ್ಯವೂ ನಿರ್ಧಾರವಾಗುತ್ತಿದೆ.

ಭಾರತದ ಹವೆಯ ವೈವಿಧ್ಯವನ್ನು ವಿವರಿಸಲು ಸಾಮಾನ್ಯವಾಗಿ ದೂರದ ತುದಿಗಳನ್ನು ಹೇಳುವುದು ವಾಡಿಕೆ. ಮೇಘಾಲಯದ ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ 11,800 ಮಿ.ಮೀ.ಗೂ ಹೆಚ್ಚು ಮಳೆ. ರಾಜಸ್ಥಾನದ ಜೈಸಲ್ಮೇರ್‌ನಲ್ಲಿ 200 ಮಿ.ಮೀ. ಕೂಡ ತುಂಬುವುದಿಲ್ಲ, ಲಡಾಖಿನ ಲೇಹ್‌ನಲ್ಲಿ ಸುಮಾರು 100 ಮಿ.ಮೀ. ಮಾತ್ರ. ರಾಜಸ್ಥಾನದ ಫಲೋಡಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ದೇಶದ ಬಹುಭಾಗಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲವಾದರೆ, ತಮಿಳುನಾಡಿನ ಕರಾವಳಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರೇ ಮುಖ್ಯ. ಇವೆಲ್ಲ ನಿಜ. ಆದರೆ ಹೀಗೆ ದೂರದ ಉದಾಹರಣೆಗಳನ್ನೇ ಕೇಳಿ ಕೇಳಿ, ಹವೆಯ ವ್ಯತ್ಯಾಸವೆಂದರೆ ಹಿಮಾಲಯಕ್ಕೂ ಮರುಭೂಮಿಗೂ ಇರುವ ವ್ಯತ್ಯಾಸವೆಂದು ಭಾವಿಸುವಂತಾಗಿದೆ. ಒಂದು ಜಿಲ್ಲೆಯೊಳಗೆ, ಒಂದು ತಾಲ್ಲೂಕಿನಿಂದ ಪಕ್ಕದ ತಾಲ್ಲೂಕಿಗೆ ಹೋಗುವಷ್ಟರಲ್ಲಿ ಹವೆಯ ಗಡಿ ದಾಟಬಹುದೆಂಬ ಅರಿವು ಕಡಿಮೆ.

ತುಮಕೂರು ಜಿಲ್ಲೆಯನ್ನೇ ತೆಗೆದುಕೊಳ್ಳಬಹುದು. ನಗರದ ಸದಾಶಿವನಗರದಂತಹ ಬಡಾವಣೆಯಿಂದ ಹೊರಟವರು ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ಸಾಗಿದರೆ ಗುಬ್ಬಿ ಸಿಗುತ್ತದೆ. ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಸಾಗಿದರೆ ಕುಣಿಗಲ್. ಇವೆಲ್ಲವೂ ಒಂದೇ ಜಿಲ್ಲಾಧಿಕಾರಿಯ ಆಡಳಿತಕ್ಕೆ ಒಳಪಟ್ಟ ಊರುಗಳು. ಕೃಷಿ ವಿಜ್ಞಾನಿಗಳು ಕರ್ನಾಟಕವನ್ನು ಮಳೆ, ಮಣ್ಣು, ಎತ್ತರ ಮತ್ತು ಬೆಳೆಗಳ ಆಧಾರದ ಮೇಲೆ 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದ್ದಾರೆ. ಆ ನಕ್ಷೆಯಲ್ಲಿ ತುಮಕೂರು ಮತ್ತು ಗುಬ್ಬಿ ತಾಲ್ಲೂಕುಗಳು ಪೂರ್ವ ಒಣ ವಲಯಕ್ಕೆ ಸೇರಿದರೆ, ಕುಣಿಗಲ್ ಮತ್ತು ತುರುವೇಕೆರೆ ದಕ್ಷಿಣ ಒಣ ವಲಯಕ್ಕೆ ಸೇರುತ್ತವೆ. ಉಳಿದ ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆ, ತಿಪಟೂರು ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಮಧ್ಯ ಒಣ ವಲಯದಲ್ಲಿವೆ. ಹೀಗೆ ಒಂದು ಜಿಲ್ಲೆ, ಹತ್ತು ತಾಲ್ಲೂಕುಗಳು, ಮೂರು ಹವಾಮಾನ ವಲಯಗಳು.

ನೀರಿನ ದಿಕ್ಕೂ ಇಲ್ಲಿ ಒಂದಲ್ಲ. ನಗರದ ಸಮೀಪದ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ತಿರುಗಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನೂ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನೂ ಕಂಡು ಕಾವೇರಿಗೆ ಸೇರುತ್ತದೆ. ಅದೇ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯ ಪಾಲಾಗುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯ ಸುವರ್ಣಮುಖಿ ವೇದಾವತಿಯನ್ನು ಕೂಡಿ, ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಮುಟ್ಟುತ್ತದೆ. ಜಿಲ್ಲೆಯ ಗಡಿಯನ್ನು ಮನುಷ್ಯರು ಕಾಗದದ ಮೇಲೆ ಎಳೆದರು. ಮಳೆಗೂ ಹಳ್ಳಕ್ಕೂ ಆ ಗೆರೆ ಕಾಣುವುದಿಲ್ಲ.

ಒಂದು ಜಿಲ್ಲೆಯ ಸ್ಥಿತಿಯೇ ಹೀಗಿರುವಾಗ ದೇಶದ ಸ್ಥಿತಿ ಹೇಗಿರಬೇಡ? 1979ರಲ್ಲಿ ಆರಂಭವಾದ ರಾಷ್ಟ್ರೀಯ ಕೃಷಿ ಸಂಶೋಧನಾ ಯೋಜನೆಯು ದೇಶವನ್ನು 127 ಕೃಷಿ ಹವಾಮಾನ ವಲಯಗಳಾಗಿ ಗುರುತಿಸಿತು. ಅನಂತರ ಯೋಜನಾ ಆಯೋಗವು 15 ವಲಯಗಳ ವಿಂಗಡಣೆಯನ್ನು ಮುಂದಿಟ್ಟಿತು. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯು 20 ಕೃಷಿ ಪರಿಸರ ಪ್ರದೇಶಗಳನ್ನು ಗುರುತಿಸಿತು. ಅಂದರೆ ದೇಶದ ಹವೆ ಒಂದಲ್ಲವೆಂಬುದು ಸರ್ಕಾರಕ್ಕೆ ತಿಳಿಯದ ಸಂಗತಿಯೇನೂ ಅಲ್ಲ. ಅಧ್ಯಯನಗಳೂ ಇವೆ, ನಕ್ಷೆಗಳೂ ಇವೆ. ಕೊರತೆ ಇರುವುದು ಆ ನಕ್ಷೆಯನ್ನು ಯೋಜನೆಯ ಮೇಜಿನ ಮೇಲೆ ಹರಡಿ ನೋಡುವ ಸಂಕಲ್ಪದಲ್ಲಿ.

ಈ ವ್ಯತ್ಯಾಸದ ಮೂಲವನ್ನು ಘಟ್ಟದ ಜನ ಪ್ರತಿ ಮಳೆಗಾಲದಲ್ಲಿಯೂ ಕಣ್ಣಾರೆ ಕಾಣುತ್ತಾರೆ. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿಯು ಸಹ್ಯಾದ್ರಿಗೆ ತಾಗಿ ಮೇಲೇರಿ, ತಣಿದು, ತನ್ನ ಹೊರೆಯ ಬಹುಪಾಲನ್ನು ಪಶ್ಚಿಮದ ಇಳಿಜಾರಿನಲ್ಲಿ ಹಾಗೂ ನೆತ್ತಿಯಲ್ಲಿ ಇಳಿಸಿಬಿಡುತ್ತದೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಬೆಟ್ಟ ದಾಟಿ ಪೂರ್ವಕ್ಕಿಳಿದ ಗಾಳಿ ಒಣಗಿರುತ್ತದೆ. ಮಳೆಯ ನೆರಳಿನ ನಾಡು ಅಲ್ಲಿಂದ ಮುಂದೆ. ತುಮಕೂರು ಜಿಲ್ಲೆಗೆ ಬೀಳುವುದು ಸುಮಾರು 600ರಿಂದ 700 ಮಿ.ಮೀ.; ಆಗುಂಬೆಯ ಮಳೆಯ ಹತ್ತರಲ್ಲಿ ಒಂದು ಪಾಲು.

ಪ್ರಮಾಣ ಮಾತ್ರವಲ್ಲ, ಕಾಲವೂ ಬೇರೆ. ಹಿರಿಯರ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಈ ಭೇದ ಸ್ಪಷ್ಟವಾಗಿ ಅಡಗಿದೆ. ಜೂನ್ ಕೊನೆಗೆ ಬರುವ ಆರಿದ್ರೆಯಿಂದ ಪುನರ್ವಸು, ಪುಷ್ಯ, ಆಶ್ಲೇಷದವರೆಗೆ ಮಲೆನಾಡಿನ ಗದ್ದೆ ತೋಟಗಳಿಗೆ ಮಳೆಯ ಭರ. ಬಯಲುಸೀಮೆಯ ಪೂರ್ವ ಭಾಗದಲ್ಲಿಯಾದರೋ ಆ ದಿನಗಳಲ್ಲಿ ತುಂತುರು ಬಿದ್ದರೆ ಅದೇ ಹೆಚ್ಚು. ಅಲ್ಲಿನ ರಾಗಿಯ ಹೊಲ ಕಾಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಉತ್ತರೆ, ಹಸ್ತ, ಚಿತ್ತೆಗಳನ್ನು. ಮಲೆನಾಡಿಗೆ ಆರಿದ್ರೆ ಕೈಕೊಟ್ಟರೆ ಆಗುವ ಸಂಕಟ ಬೇರೆ, ಗುಬ್ಬಿಯ ರಾಗಿಗೆ ಹಸ್ತ ಕೈಕೊಟ್ಟರೆ ಆಗುವ ಸಂಕಟ ಬೇರೆ. ರಾಜಧಾನಿಯಲ್ಲಿ ಕುಳಿತು ಒಂದೇ ದಿನಾಂಕಕ್ಕೆ ಬೀಜ, ಗೊಬ್ಬರ, ಸಸಿ ಹಂಚುವ ವ್ಯವಸ್ಥೆಗೆ ಈ ವಿವೇಕ ಬರುವುದೆಂದು?

ಮತ್ತೆ 1983ಕ್ಕೆ ಮರಳಬೇಕು. ಆ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ರಾಜ್ಯದಲ್ಲಿ ಸಾಮಾಜಿಕ ಅರಣ್ಯ ಯೋಜನೆ ನಡೆಯಿತು. ಉರುವಲು ಮತ್ತು ಮೇವಿನ ಕೊರತೆಯನ್ನು ನೀಗಿಸುವುದು ಅದರ ಘೋಷಿತ ಉದ್ದೇಶ. ಆದರೆ ನೆಲಕ್ಕೆ ಇಳಿದದ್ದು ಬಹುಮಟ್ಟಿಗೆ ನೀಲಗಿರಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಸುಮಾರು 1790ರಲ್ಲಿ ನಂದಿಬೆಟ್ಟಕ್ಕೆ ಬಂದಿತೆನ್ನಲಾದ ಈ ಆಸ್ಟ್ರೇಲಿಯಾದ ಮರ, ಎರಡು ಶತಮಾನಗಳ ನಂತರ ಕೋಲಾರ, ತುಮಕೂರು ಜಿಲ್ಲೆಗಳ ರಾಗಿ ಹೊಲಗಳನ್ನು ಆವರಿಸಿತು. ನೀಲಗಿರಿ ಬೇಗ ಬೆಳೆಯುತ್ತದೆ, ದನ ಮೇಯುವುದಿಲ್ಲ, ಕಾಗದ ಮತ್ತು ರೇಯಾನ್ ಕಾರ್ಖಾನೆಗಳಿಗೆ ಬೇಕಾಗುತ್ತದೆ. ಆದರೆ 600 ಮಿ.ಮೀ. ಮಳೆಯ ನೆಲದಲ್ಲಿ, ಬೇರುಗಳು ಆಳದ ತೇವವನ್ನು ಹೀರುವ ಇಂತಹ ಮರವನ್ನು ಒತ್ತಾಗಿ ಬೆಳೆದರೆ ಪಕ್ಕದ ಹೊಲಕ್ಕೂ ಬಾವಿಗೂ ಉಳಿಯುವುದೇನು? ರಾಗಿಯ ಜೊತೆಗೆ ಹೊಲದ ಅವರೆ, ಹುರುಳಿ, ದನದ ಹುಲ್ಲು, ಕೂಲಿಯ ಕೆಲಸ ಎಲ್ಲವೂ ಹೋದವು. ರೈತರು ಸಸಿ ಕಿತ್ತದ್ದು ಮರದ ಮೇಲಿನ ದ್ವೇಷದಿಂದಲ್ಲ. ಹುಣಸೆ, ಮಾವು, ಬೇವು, ಹೊಂಗೆ, ಹಲಸುಗಳು ಆ ನೆಲದ ಒಣಹವೆಗೆ ಒಗ್ಗಿದ ಮರಗಳೆಂಬುದನ್ನು ಅವರು ಬಲ್ಲವರಾಗಿದ್ದರು.

ಅದೇ ಕಾಲದಲ್ಲಿ ಮಲೆನಾಡಿನಲ್ಲಿ ನಡೆದದ್ದೇನು? ಅಧಿಕ ಮಳೆಯ ಮಿಶ್ರ ಕಾಡುಗಳನ್ನು ಕಡಿದು ತೇಗದ ಏಕಜಾತಿಯ ನೆಡುತೋಪುಗಳನ್ನು ಎಬ್ಬಿಸಲಾಯಿತು. ಮುಂದೆ ಆ ಸ್ಥಾನಕ್ಕೆ ಅಕೇಶಿಯಾ ಬಂದಿತು. ಸೊಪ್ಪಿನಬೆಟ್ಟದ ಗೊಬ್ಬರ, ಕಾಡಿನ ಜೇನು, ಉಪ್ಪಾಗೆ, ಮುರುಗಲು, ಬೇಸಿಗೆಯಲ್ಲೂ ಜಿನುಗುವ ಒರತೆ, ಇವೆಲ್ಲ ಮಿಶ್ರಕಾಡಿನ ಕೊಡುಗೆಗಳು. ಒಂದೇ ಜಾತಿಯ ಸಾಲುಮರಗಳ ಕೆಳಗೆ ಇವು ಉಳಿಯಲಾರವು. 1987ರ ನವೆಂಬರ್ 14ರಂದು ಅರೆಮಲೆನಾಡಿನ ಕುಸನೂರಿನಲ್ಲಿ ನಡೆದ ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹದಲ್ಲಿ ಜನರು ನೀಲಗಿರಿಯನ್ನು ಕಿತ್ತು ಉಪಯುಕ್ತ ಸಸಿಗಳನ್ನು ನೆಟ್ಟರು. ಬಯಲುಸೀಮೆ, ಅರೆಮಲೆನಾಡು, ಮಲೆನಾಡು ಮೂರೂ ಕಡೆ ಜನ ಹೇಳಿದ್ದು ಒಂದೇ ಮಾತು: ನೆಡುವ ಮೊದಲು ನೆಲವನ್ನು ಕೇಳಿ. ನೀಲಗಿರಿ ಮತ್ತು ಅಕೇಶಿಯಾಗಳನ್ನು ಹೊಸದಾಗಿ ನೆಡುವುದನ್ನು ರಾಜ್ಯ ಸರ್ಕಾರ ನಿರ್ಬಂಧಿಸಿದ್ದು 2017ರಲ್ಲಿ. ಜನರ ಮಾತು ಕಡತವನ್ನು ಮುಟ್ಟಲು 34 ವರ್ಷಗಳು ಹಿಡಿದವು.

ಆದರೆ ತಪ್ಪೆಲ್ಲವೂ ಸರ್ಕಾರದ್ದೆಂದು ಹೇಳಿ ಸುಮ್ಮನಾಗುವುದು ಪ್ರಾಮಾಣಿಕವಲ್ಲ. ಹವೆಯ ಗಡಿಯನ್ನು ಇಂದು ರೈತರೂ ಮರೆಯುತ್ತಿದ್ದಾರೆ. ಅಡಿಕೆ ಇದಕ್ಕೆ ನಿದರ್ಶನ. ತುಮಕೂರು ಜಿಲ್ಲೆಗೆ ಅಡಿಕೆ ಹೊಸತಲ್ಲ. ಗುಬ್ಬಿ, ತುರುವೇಕೆರೆ ಸೀಮೆಯಲ್ಲಿ ಕೆರೆಯ ಹಿಂದಿನ ತಗ್ಗಿನಲ್ಲಿ, ಕೆರೆಯ ಜಿನುಗು ನೀರಿನ ಆಸರೆಯಲ್ಲಿ ಹಳೆಯ ತೋಟಗಳಿವೆ. ಅಲ್ಲಿ ಹವೆಯನ್ನೂ ನೀರನ್ನೂ ನೋಡಿ ಜಾಗ ಆರಿಸಿದ ವಿವೇಕವಿತ್ತು. ಈಗ ತೋಟ ತಗ್ಗನ್ನು ಬಿಟ್ಟು ರಾಗಿ ಬೆಳೆಯುತ್ತಿದ್ದ ಏರುಹೊಲವನ್ನು ಹತ್ತಿದೆ. ಕೆರೆಯ ಬದಲು ಕೊಳವೆಬಾವಿ ಬಂದಿದೆ. ಜಿಲ್ಲೆಯ ಹಲವು ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿವೆ. ಇತ್ತ ಎಲೆಚುಕ್ಕಿ ರೋಗದಿಂದ ಮಲೆನಾಡಿನ ತೋಟಗಳು ನಲುಗುತ್ತಿರುವಾಗ, ಅತ್ತ ಚಿತ್ರದುರ್ಗ, ದಾವಣಗೆರೆ, ತುಮಕೂರಿನ ಬಯಲಿನಲ್ಲಿ ಅಡಿಕೆ ವಿಸ್ತರಿಸುತ್ತಿದೆ. ಇದನ್ನು ಮಲೆನಾಡಿನ ಬೆಳೆಗಾರ ಕೇವಲ ಬೆಲೆಯ ಸ್ಪರ್ಧೆಯೆಂದು ನೋಡಿದರೆ ಸಾಲದು. ಒಣನೆಲದ ಅಡಿಕೆಯ ಬಾಯಾರಿಕೆ ಕೊನೆಗೆ ಘಟ್ಟದ ಹೊಳೆಗಳ ಕಡೆಗೇ ಕೈಚಾಚುತ್ತದೆ.

ಈ ಕೈ ಈಗಾಗಲೇ ಚಾಚಿದೆ. ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿ, ನಾಲೆಗಳ ಮೂಲಕ ತುಮಕೂರು ಜಿಲ್ಲೆಗೆ ನೀರನ್ನು ತರಲಾಗಿದೆ. ಸದಾಶಿವನಗರವನ್ನೂ ಒಳಗೊಂಡ ತುಮಕೂರು ನಗರದ ಕುಡಿಯುವ ನೀರಿಗೆ ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗುವ ಹೇಮಾವತಿಯೇ ಆಧಾರ. ಜನಪದ ಹಾಡಿನಿಂದ ನಾಡಿಗೆಲ್ಲ ಹೆಸರಾದ ಕುಣಿಗಲ್ಲಿನ ದೊಡ್ಡಕೆರೆಯೂ ಆ ನೀರಿನ ದಾರಿ ನೋಡುತ್ತದೆ. ಗುಬ್ಬಿ ಮತ್ತು ಕುಣಿಗಲ್ ಒಂದೇ ಜಿಲ್ಲೆಯ ತಾಲ್ಲೂಕುಗಳಾದರೂ ಆ ನೀರಿನ ಹಂಚಿಕೆಯಲ್ಲಿ ಒಮ್ಮತವಿಲ್ಲ. ಕುಣಿಗಲ್ ಕಡೆಗೆ ನೇರವಾಗಿ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಕಾಮಗಾರಿಯ ವಿರುದ್ಧ 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ತಮ್ಮ ಪಾಲಿನ ನೀರು ಕಡಿಮೆಯಾದೀತೆಂಬ ಭಯ ಒಂದು ಕಡೆ. ತಮ್ಮ ಪಾಲು ಇಷ್ಟು ವರ್ಷವಾದರೂ ಪೂರ್ಣವಾಗಿ ಬಂದಿಲ್ಲವೆಂಬ ದೂರು ಇನ್ನೊಂದು ಕಡೆ. ಎರಡರಲ್ಲಿಯೂ ಸತ್ಯವಿರಬಹುದು. ಆದರೆ ಎರಡೂ ಕಡೆಯವರು ಕಾಯುತ್ತಿರುವುದು ತಮ್ಮ ಆಕಾಶದ ಮಳೆಯನ್ನಲ್ಲ, ಇನ್ನೊಂದು ಹವಾಮಾನ ವಲಯದ ಮಳೆಯನ್ನು.

ಎತ್ತಿನಹೊಳೆ ಯೋಜನೆ ಇದೇ ಕತೆಯ ಮುಂದಿನ ಅಧ್ಯಾಯ. ಸಕಲೇಶಪುರದ ಘಟ್ಟದಲ್ಲಿ ಪಶ್ಚಿಮಕ್ಕೆ ಹರಿದು ನೇತ್ರಾವತಿಯನ್ನು ಸೇರುವ ಹಳ್ಳಗಳನ್ನು ತಡೆದು, ಪಂಪುಗಳಿಂದ ಮೇಲೆತ್ತಿ, ಪೂರ್ವದ ಒಣ ಜಿಲ್ಲೆಗಳಿಗೆ 24.01 ಟಿ.ಎಂ.ಸಿ. ನೀರು ಕೊಡುವುದಾಗಿ ಹೇಳಿದ ಈ ಯೋಜನೆಗೆ 2012ರಲ್ಲಿ 8,323 ಕೋಟಿ ರೂಪಾಯಿಗಳ ಅಂದಾಜಿತ್ತು. ಈಗ ಅದು 23,000 ಕೋಟಿ ದಾಟಿದೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತ ಉದ್ಘಾಟನೆಯಾಯಿತು. ಆ ಹಳ್ಳಗಳ ಜಲಾನಯನದಲ್ಲಿ ದೊರೆಯುವ ನೀರೇ ಸುಮಾರು 9.55 ಟಿ.ಎಂ.ಸಿ. ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಲೆಕ್ಕಹಾಕಿ ಹೇಳಿದ್ದರು. ಮಳೆ ಹೆಚ್ಚೆಂದ ಮಾತ್ರಕ್ಕೆ ಘಟ್ಟವು ತುಂಬಿದ ತೊಟ್ಟಿಯಲ್ಲ. ನಾಲ್ಕು ತಿಂಗಳು ಸುರಿದ ಮಳೆಯನ್ನು ಉಳಿದ ಎಂಟು ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುವುದು ಕಾಡಿನ ಮಣ್ಣು. ಆ ಮಣ್ಣು ಸಡಿಲಗೊಂಡ ಕಡೆಯಲ್ಲಿ ಜುಲೈನಲ್ಲಿ ಗುಡ್ಡ ಕುಸಿಯುತ್ತದೆ, ಏಪ್ರಿಲ್‌ನಲ್ಲಿ ಬಾವಿ ಬತ್ತುತ್ತದೆ. 2018ರ ಕೊಡಗು, 2024ರ ಜುಲೈನ ಶಿರೂರು ಇದನ್ನು ಕಹಿಯಾಗಿ ನೆನಪಿಸಿವೆ.

ಹಾಗೆಂದು ಬಯಲುಸೀಮೆಯ ಬಾಯಾರಿಕೆಯನ್ನು ಮಲೆನಾಡಿನವರು ಹಗುರವಾಗಿ ಕಾಣುವುದು ಅನ್ಯಾಯ. ಕುಡಿಯುವ ನೀರಿಗಾಗಿ ಪರದಾಡುವ ತಾಯಂದಿರು ಯಾವ ವಲಯದವರಾದರೂ ಒಂದೇ. ಆದರೆ ಕುಡಿಯುವ ನೀರಿನ ಹೆಸರಿನಲ್ಲಿ ಬಂದ ನಾಲೆ ಯಾವ ಬೆಳೆಯನ್ನು ತಣಿಸುತ್ತದೆ ಎಂದು ಕೇಳುವ ಹಕ್ಕು ನೀರು ಕೊಡುವ ನಾಡಿಗೆ ಇದೆ. ಒಣನಾಡಿನ ಪೂರ್ವಿಕರು ಆ ಪ್ರಶ್ನೆಗೆ ಉತ್ತರ ಕೊಟ್ಟು ಹೋಗಿದ್ದಾರೆ. ಒಂದರ ಕೋಡಿ ಇನ್ನೊಂದನ್ನು ತುಂಬುವಂತೆ ಕಟ್ಟಿದ ಕೆರೆಗಳ ಸರಣಿ, ಕಡಿಮೆ ಮಳೆಗೆ ಸಾಕಾಗುವ ರಾಗಿ, ಸಜ್ಜೆ, ಹುರುಳಿ, ಬದುವಿನ ಮೇಲಿನ ಹುಣಸೆ, ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದು ಹೊಲದಲ್ಲಿದ್ದ ಹಲಸಿನ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರ ಗುರುತಿಸಿ, ‘ಸಿದ್ದು’ ಎಂಬ ಹೆಸರಿನಲ್ಲಿ ಅದರ ಕಸಿ ಸಸಿಗಳು ನಾಡಿಗೆಲ್ಲ ಹರಡಿವೆ. ಆ ನೆಲ ತಾನಾಗಿ ಬೆಳೆಸಿದ ಮರ ಆ ಕುಟುಂಬಕ್ಕೆ ವರಮಾನವನ್ನೂ ತಂದಿತು. ಹವೆಗೆ ತಕ್ಕ ಕೃಷಿಯೆಂದರೆ ಬಡತನಕ್ಕೆ ಒಪ್ಪಿಗೆಯೆಂದು ಹೇಳುವವರು ಈ ಉದಾಹರಣೆಯನ್ನು ಗಮನಿಸಬೇಕು.

ಒಣನೆಲವನ್ನು ಬಂಜರೆಂದು ಕರೆಯುವ ಅಭ್ಯಾಸವೂ ಹೋಗಬೇಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡನ್ನು 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ಹಸಿರು ಕಡಿಮೆಯಿದ್ದ ಮಾತ್ರಕ್ಕೆ ಅಲ್ಲಿ ಪ್ರಕೃತಿಯಿಲ್ಲವೆಂದು ಭಾವಿಸಿ ಗಿಡ ನೆಟ್ಟು ‘ಕಾಡು’ ಮಾಡಲು ಹೊರಟರೆ ಹುಲ್ಲೂ ಹೋಗುತ್ತದೆ, ಹುಲ್ಲೆಯೂ ಹೋಗುತ್ತದೆ. ಪಾವಗಡದ ತೀಕ್ಷ್ಣ ಬಿಸಿಲನ್ನು ಬಳಸಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಎದ್ದಿದೆ. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಇಲ್ಲಿ ಹವೆಯ ಲಕ್ಷಣವನ್ನು ಯೋಜನೆ ಗುರುತಿಸಿತು. ಆದರೆ ಜಮೀನಿಲ್ಲದ ಕೂಲಿಕಾರರಿಗೂ ಕುರಿ ಮೇಯಿಸುವವರಿಗೂ ಗುತ್ತಿಗೆಯ ಹಣವಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಹವೆಯ ಗೆರೆಗಳು ಸ್ಥಿರವಾಗಿಯೂ ಇಲ್ಲ. 2022ರಲ್ಲಿ ತುಮಕೂರಿನ ಕೆರೆಗಳು ಕೋಡಿ ಹರಿದವು. ಮರುವರ್ಷವೇ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಭೂಮಿ ಬಿಸಿಯಾಗುತ್ತಿರುವ ಕಾಲದಲ್ಲಿ ಹಳೆಯ ನಕ್ಷೆಯನ್ನು ಬಿಸಾಡುವುದಲ್ಲ, ಊರೂರಿನ ಅನುಭವದಿಂದ ಅದನ್ನು ತಿದ್ದುತ್ತಾ ಹೋಗುವುದು ಅಗತ್ಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಇರಿಸಿದೆ. ದೇಶದಲ್ಲಿಯೇ ಇದು ಗಮನಾರ್ಹ ವ್ಯವಸ್ಥೆ. ಆದರೆ ಆ ಅಂಕಿಗಳು ವಿಮೆಯ ಲೆಕ್ಕಕ್ಕೆ ಮಾತ್ರ ಬಳಕೆಯಾಗಿ, ಗ್ರಾಮಸಭೆಯಲ್ಲಿ ಯಾರೂ ಓದದಿದ್ದರೆ ಪ್ರಯೋಜನ ಅರ್ಧ.

ಆದ್ದರಿಂದ ಕೆಲಸ ಊರಿನಿಂದಲೇ ಆರಂಭವಾಗಬೇಕು. ಪ್ರತಿ ಶಾಲೆಯಲ್ಲಿಯೂ ಒಂದು ಸಾಧಾರಣ ಮಳೆಮಾಪಕ ಇಟ್ಟು, ವಿದ್ಯಾರ್ಥಿಗಳು ದಿನದ ಮಳೆಯನ್ನು ನಕ್ಷತ್ರವಾರು ಬರೆದಿಡುವುದು ದೊಡ್ಡ ಖರ್ಚಿನ ಮಾತಲ್ಲ. ಒರತೆ ಯಾವ ತಿಂಗಳು ನಿಂತಿತು, ಮಾವು ಯಾವಾಗ ಹೂಬಿಟ್ಟಿತು, ಗದ್ದೆ ಕಪ್ಪೆ ಯಾವಾಗ ಕೂಗಿತು ಎಂಬುದನ್ನು ಹಿರಿಯರಿಂದ ಕೇಳಿ ದಾಖಲಿಸಿದರೆ ಹತ್ತು ವರ್ಷಗಳಲ್ಲಿ ಊರಿಗೊಂದು ಹವಾಮಾನದ ಚರಿತ್ರೆ ಸಿದ್ಧವಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಗಳಲ್ಲಿ ಇರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೆ ಈ ವಿವರಗಳನ್ನು ಸೇರಿಸಬಹುದು. ವನಮಹೋತ್ಸವಕ್ಕೆ ಯಾವ ಸಸಿ ಬೇಕೆಂದು ಗ್ರಾಮಸಭೆ ಮುಂಚಿತವಾಗಿ ನಿರ್ಣಯ ಮಾಡಿ ಸಸ್ಯಕ್ಷೇತ್ರಕ್ಕೆ ಕಳುಹಿಸಬಹುದು. ಬಂದ ಸಸಿ ನೆಲಕ್ಕೆ ಹೊಂದದಿದ್ದರೆ ಹಿಂದಿರುಗಿಸುವ ಧೈರ್ಯವನ್ನೂ ತೋರಬೇಕು.

ಇದರ ಜೊತೆಗೆ ಮಲೆನಾಡು ಮತ್ತು ಬಯಲುಸೀಮೆಯ ಹಳ್ಳಿಗಳ ನಡುವೆ ನೇರವಾದ ಮಾತುಕತೆ ನಡೆಯಬೇಕು. ಇದುವರೆಗೆ ಇವರಿಬ್ಬರೂ ಭೇಟಿಯಾಗಿರುವುದು ಗುತ್ತಿಗೆದಾರರ ನಾಲೆಯ ಎರಡು ತುದಿಗಳಲ್ಲಿ ಮಾತ್ರ. ಮಲೆನಾಡಿನ ವಿದ್ಯಾರ್ಥಿಗಳು ಕುಣಿಗಲ್ಲಿನ ಕೆರೆ ಏರಿಯ ಮೇಲೆ ನಿಂತು ಆ ಕೆರೆಗೆ ಹಿಂದೆ ನೀರು ತರುತ್ತಿದ್ದ ಹಳ್ಳಗಳೆಲ್ಲಿ ಎಂದು ಕೇಳಲಿ. ಗುಬ್ಬಿಯ ರೈತರು ಬೇಸಿಗೆಯಲ್ಲಿ ಸಕಲೇಶಪುರದ ಘಟ್ಟಕ್ಕೆ ಬಂದು ಸೊರಗಿದ ಹೊಳೆಯನ್ನು ನೋಡಲಿ. 1983ರಲ್ಲಿ ಒಂದು ತಿಂಗಳ ಅಂತರದಲ್ಲಿ, ಒಬ್ಬರಿಗೊಬ್ಬರು ತಿಳಿಸಿಕೊಳ್ಳದೆ, ಇವೆರಡು ನಾಡುಗಳ ಜನ ಒಂದೇ ನ್ಯಾಯಕ್ಕಾಗಿ ಎದ್ದಿದ್ದರು. ಈಗ ತಿಳಿದು, ಕೂಡಿ, ಒಂದೇ ಬೇಡಿಕೆಯನ್ನು ಮುಂದಿಡಲು ಸಾಧ್ಯವಿದೆ: ಯಾವ ಯೋಜನೆಯೇ ಆಗಲಿ, ಅದು ಇಳಿಯುವ ನೆಲದ ಮಳೆ, ಮಣ್ಣು ಮತ್ತು ಬೆಳೆಗಳ ವಿವರವನ್ನು ಮೊದಲ ಪುಟದಲ್ಲಿ ಹೇಳಲಿ, ಆ ನೆಲದ ಗ್ರಾಮಸಭೆ ಒಪ್ಪಿದ ಮೇಲೆಯೇ ಎರಡನೆಯ ಪುಟ ಬರೆಯಲಿ.